ಚಂದ್ರಮುಕುಟ ಕಿರೀಟ ಮಡಚಿದ್ದು

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮಣ್ಣು ಸರಿಯಾಗಿ ಆರಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗಳು ಒಂದನ್ನೊಂದು ಕೇಳಿಕೊಂಡು ಹರಿಯುತ್ತಿದ್ದವು. ಹಕ್ಕಿಗಳಿಗೆ ಹಾರುವುದು ಗೊತ್ತಿತ್ತು, ಹಾಡುವುದು ಗೊತ್ತಿತ್ತು. ಹೆದರುವುದು ಮಾತ್ರ ಇನ್ನೂ ಗೊತ್ತಿರಲಿಲ್ಲ.

ಅದಕ್ಕೇ ಗಿಡುಗನಿಗೆ ದಿನವೂ ಹಬ್ಬ. ಅದು ಸದ್ದಿಲ್ಲದೆ ಬರುತ್ತಿತ್ತು, ಬೇಕಾದ್ದನ್ನು ಎತ್ತಿಕೊಂಡು ಹೋಗುತ್ತಿತ್ತು. ಉಳಿದ ಹಕ್ಕಿಗಳು ತಮ್ಮ ಪಾಡಿಗೆ ಹಾಡುತ್ತಿದ್ದವು.

ಬಯಲಿನ ನಡುವೆ ಒಂದು ಎತ್ತರದ ಬೂರುಗದ ಮರವಿತ್ತು. ಅದರ ತುದಿಯಲ್ಲಿ ಹುಪ್ಪ ಎಂಬ ಚಂದ್ರಮುಕುಟ ಹಕ್ಕಿ ಇದ್ದ. ಕಂದು ಮೈ, ಕಪ್ಪು ಬಿಳಿ ಪಟ್ಟೆಯ ರೆಕ್ಕೆ, ಗುಬ್ಬಿಯದರಂಥ ಪುಟ್ಟ ಕೊಕ್ಕು, ತಲೆಯ ಮೇಲೊಂದು ಜುಟ್ಟು. ಮೇಲೆ ದೊಡ್ಡ ನೆರಳು ಸುಳಿದರೆ ಸಾಕು, ಆ ಜುಟ್ಟು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಅವನ ಜುಟ್ಟು ಬಿಚ್ಚಿದಾಗಲೆಲ್ಲ ಗಿಡುಗ ಬರುತ್ತದೆ ಎಂಬುದನ್ನು ಮೊದಲು ಕಂಡುಕೊಂಡವಳು ದುಂಡವ್ವ. ಅವಳು ಹರಟೆಮಲ್ಲ ಹಕ್ಕಿಗಳ ಹಿರಿಯಳು. ಹರಟೆಮಲ್ಲಗಳು ಗೊತ್ತಲ್ಲ, ಬೇಲಿಯ ಕೆಳಗೆ ಗುಂಪು ಕಟ್ಟಿಕೊಂಡು ಬೆಳಗಿನಿಂದ ಸಂಜೆಯವರೆಗೂ ಮಾತಾಡುವ ಬೂದುಬಣ್ಣದ ಹಕ್ಕಿಗಳು.

ದುಂಡವ್ವ ಎಲ್ಲರನ್ನೂ ಕರೆದುಕೊಂಡು ಬೂರುಗದ ಮರಕ್ಕೆ ಬಂದಳು.

"ಹುಪ್ಪಣ್ಣ, ನೀನು ಮೇಲೆ ಕೂತು ನೋಡ್ತಾ ಇರು. ಗಿಡುಗ ಬಂದರೆ ಜುಟ್ಟು ಬಿಚ್ಚು, ನಾವು ಪೊದೆ ಸೇರ್ಕೋತೀವಿ. ನಿನ್ನ ಹೊಟ್ಟೆಯ ಚಿಂತೆ ನಮಗಿರಲಿ," ಎಂದಳು.

ಹುಪ್ಪ ಒಪ್ಪಿದ. ಒಳ್ಳೆಯ ಮನಸ್ಸಿನಿಂದಲೇ ಒಪ್ಪಿದ. ಎಷ್ಟೋ ಕಾಲ ಕಣ್ಣು ಮಿಟುಕಿಸದೆ ಆಕಾಶ ನೋಡಿದ. ಮರಿಗಳು ಉಳಿದವು, ಗೂಡುಗಳು ತುಂಬಿದವು. ಹಕ್ಕಿಗಳು ಸಂತೋಷದಿಂದ ಅತ್ತಿಹಣ್ಣು ತಂದು ಕೊಟ್ಟವು, ಅವನ ಪಕ್ಕದಲ್ಲೇ ಕೂತು ಊರ ಸುದ್ದಿ ಹೇಳಿದವು.

ಹುಪ್ಪಣ್ಣ ಎನ್ನುತ್ತಿದ್ದವರು ಯಾವಾಗ ದೊರೆ ಎನ್ನತೊಡಗಿದರೋ ಯಾರಿಗೂ ನೆನಪಿಲ್ಲ. ಆ ಮಾತು ಮೊದಲು ಬಂದದ್ದು ಕೊಂಕಣ್ಣ ಎಂಬ ಕಾಗೆಯ ಬಾಯಿಂದ ಎಂದು ಕೆಲವರು ಹೇಳುತ್ತಾರೆ. ಜುಟ್ಟನ್ನು ಕಿರೀಟ ಎಂದು ಕರೆದವನಂತೂ ಅವನೇ. ತಾನೇ ಮಂತ್ರಿಯಾದವನೂ ಅವನೇ.

"ದೊರೆಗಳ ಕೊಂಬೆಯಲ್ಲಿ ಬೇರೆ ಯಾರೂ ಕೂರಬಾರದು," ಎಂದ ಕೊಂಕಣ್ಣ. ಹಕ್ಕಿಗಳು ಕೆಳಗಿನ ಕೊಂಬೆಗೆ ಇಳಿದವು.

"ಮೊದಲ ಹಣ್ಣು ದೊರೆಗಳದು," ಎಂದ. ಹಕ್ಕಿಗಳು ಮೊದಲ ಹಣ್ಣು ಕೊಟ್ಟವು. ಆಮೇಲೆ ಅದು ತಂದ ಹಣ್ಣಿನಲ್ಲಿ ಅರ್ಧವಾಯಿತು. ದೊರೆಗೆ ತಲುಪುವ ಮೊದಲೇ ಅದರಲ್ಲಿ ಕೊಂಕಣ್ಣನ ಪಾಲು ಹೋಗಿರುತ್ತಿತ್ತು.

ಒಂದು ದಿನ ಅವನು, "ದೊರೆ, ಕಿರೀಟ ಯಾವಾಗಲೂ ಬಿಚ್ಚಿಯೇ ಇರಬೇಕು. ಮಡಚಿದ ಕಿರೀಟ ಕಂಡರೆ ಎಲ್ಲರಿಗೂ ಸದರ," ಎಂದ.

"ಹಾಗಾದರೆ ಗಿಡುಗ ಬಂದದ್ದು ಅವರಿಗೆ ಗೊತ್ತಾಗೋದು ಹೇಗೆ?" ಎಂದು ಹುಪ್ಪ ಕೇಳಿದ.

"ನಿಮ್ಮಂಥವರು ಕೂತಿರುವಾಗ ಗಿಡುಗನಿಗೆ ಇತ್ತ ತಲೆ ಹಾಕುವ ಧೈರ್ಯವಿದೆಯೇ?"

ಆ ಮಾತು ಹುಪ್ಪನಿಗೆ ಹಿತವಾಗಿತ್ತು. ಅಂದಿನಿಂದ ಅವನ ಕಿರೀಟ ಹಗಲಿಡೀ ಬಿಚ್ಚಿಯೇ ಇರುತ್ತಿತ್ತು.

ಹಿತವಾಗಿತ್ತು ನಿಜ. ಆದರೆ ಸಂಜೆ ಹಾಗಿರುತ್ತಿರಲಿಲ್ಲ. ಹೊತ್ತು ಇಳಿಯುವಾಗ ಹರಟೆಮಲ್ಲಗಳು ಜಾಲಿಯ ಕೊಂಬೆಯ ಮೇಲೆ ಮೈಗೆ ಮೈ ಒತ್ತಿ ಸಾಲಾಗಿ ಕೂರುತ್ತಿದ್ದವು. ಒಂದು ಸರಿದರೆ ಎಲ್ಲವೂ ಸರಿಯುತ್ತಿದ್ದವು. ಅವುಗಳ ಗುಸುಗುಸು ಬೂರುಗದ ತುದಿಯವರೆಗೂ ಕೇಳುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಹುಪ್ಪ ಕೊರಳು ಉದ್ದ ಮಾಡಿ ಕೇಳುತ್ತಿದ್ದ. ಅವನ ಕೊಂಬೆ ಈ ತುದಿಯಿಂದ ಆ ತುದಿಯವರೆಗೆ ಬರಿದಾಗಿತ್ತು.

ಅವನನ್ನು ಈಗಲೂ ಹೆಸರು ಹಿಡಿದು ಕರೆಯುತ್ತಿದ್ದುದು ಗಾಳಿ ಒಂದೇ.

ಆ ವರ್ಷ ಅತ್ತಿಮರ ಸರಿಯಾಗಿ ಕಾಯಿ ಕಚ್ಚಲಿಲ್ಲ, ಬಿಟ್ಟ ನಾಲ್ಕು ಹಣ್ಣಿನಲ್ಲೂ ದೊರೆಯ ಪಾಲು ತಪ್ಪಲಿಲ್ಲ. ಗಾಳಿ ಬಂದು, "ಹುಪ್ಪ, ಕೆಳಗೆ ಮರಿಗಳು ಹಸಿದಿವೆ," ಎಂದಿತು.

"ಎಲ್ಲರೂ ಚೆನ್ನಾಗಿದ್ದಾರೆ ಅಂತ ಕೊಂಕಣ್ಣ ಹೇಳಿದನಲ್ಲ."

"ಅವನು ಹೇಳಿದ್ದು ನನಗೆ ಗೊತ್ತಿಲ್ಲ. ನಾನು ಗೂಡುಗಳ ಮೇಲೇ ಹಾದು ಬಂದೆ."

ಹುಪ್ಪ ಮುಖ ತಿರುಗಿಸಿಕೊಂಡ. ಗಾಳಿ ಹೊರಟುಹೋಯಿತು.

ಹಸಿದ ಮರಿಗಳು ಹುಳ ಹುಡುಕುತ್ತಾ ಪೊದೆ ಬಿಟ್ಟು ಬಯಲಿಗೆ ಬಂದವು. ಅವತ್ತೇ ಗಿಡುಗ ಬಂತು. ಹುಪ್ಪ ಅದನ್ನು ಕಂಡ. ಕಂಡರೇನು, ಬಿಚ್ಚಲು ಏನೂ ಉಳಿದಿರಲಿಲ್ಲ. ಕಿರೀಟ ಆಗಲೇ ಬಿಚ್ಚಿತ್ತು, ನಿನ್ನೆಯ ಹಾಗೆ, ಮೊನ್ನೆಯ ಹಾಗೆ. ಕೂಗೋಣವೆಂದು ಬಾಯಿ ತೆರೆದ. ಎಷ್ಟೋ ಕಾಲದಿಂದ ಯಾರೊಂದಿಗೂ ಗಟ್ಟಿಯಾಗಿ ಮಾತಾಡದ ಗಂಟಲು ಅದು. ದನಿ ಹೊರಡಲಿಲ್ಲ.

ಗಿಡುಗ ದುಂಡವ್ವನ ಕಿರಿಯ ಮರಿಯನ್ನು ಎತ್ತಿಕೊಂಡು ಹೋಯಿತು.

ದುಂಡವ್ವ ಅಳುತ್ತಾ ಬರಲಿಲ್ಲ. ನೇರ ದೊರೆಯ ಕೊಂಬೆಗೇ ಹಾರಿ ಬಂದು ಅವನೆದುರು ಕೂತಳು.

"ದೊರೆ, ಮರಿ ಪೊದೆ ಬಿಡೋ ಮೊದಲು ನಾನು ಮೇಲೆ ನೋಡಿದೆ. ನಿಮ್ಮ ಕಿರೀಟ ಬಿಚ್ಚಿತ್ತು. ದಿನವೂ ಬಿಚ್ಚಿರುತ್ತೆ. ನಾನು ಏನಂತ ತಿಳ್ಕೋಬೇಕಿತ್ತು?"

ತಪ್ಪಾಯಿತು ಎನ್ನುವ ಮಾತು ಹುಪ್ಪನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೊಂಕಣ್ಣ ಅಡ್ಡ ಬಂದ. "ದೊರೆಗಳ ಕೊಂಬೆ ಮೆಟ್ಟಿದ್ದಕ್ಕೆ ಇವಳಿಗೂ ಇವಳ ಬಳಗಕ್ಕೂ ಇನ್ನು ಮೇಲೆ ಅತ್ತಿಮರ ಇಲ್ಲ," ಎಂದ.

ದುಂಡವ್ವ ಹುಪ್ಪನ ಮುಖವನ್ನೇ ನೋಡಿದಳು. ಹುಪ್ಪ ಆ ಮಾತನ್ನು ನುಂಗಿಕೊಂಡು ಆಕಾಶದ ಕಡೆ ತಿರುಗಿದ. ಅವಳು ಎದ್ದು ಹೋದಳು.

ಅವಳು ಹೇಳಿದ್ದನ್ನು ಹರಟೆಮಲ್ಲಗಳು ಗೀಜಗಗಳಿಗೆ ಹೇಳಿದವು, ಗೀಜಗಗಳು ಗೊರವಂಕಗಳಿಗೆ ಹೇಳಿದವು, ಅವು ಕೆರೆಯಾಚೆಯ ಹಕ್ಕಿಗಳಿಗೂ ಮುಟ್ಟಿಸಿದವು. ಮರುದಿನ ಯಾರೂ ಹಣ್ಣು ತರಲಿಲ್ಲ. ಕೊಂಕಣ್ಣ ಕಾಗೆಗಳ ದಂಡು ಕಳಿಸಿದ. ಅಂಗೈಯಷ್ಟಿರುವ ಕಾಜಾಣಗಳು ಕಾಗೆಗಳ ಬೆನ್ನು ಕುಕ್ಕಿ ಓಡಿಸಿದವು. ಆಮೇಲೆ ಹಕ್ಕಿಗಳೆಲ್ಲ ಒಟ್ಟಾಗಿ ಬೂರುಗದ ಮರಕ್ಕೆ ಬಂದು, ಯಾರೂ ಕೂರಬಾರದೆಂದಿದ್ದ ಆ ಕೊಂಬೆಯ ಮೇಲೇ ಕೂತವು. ಒಂದರ ಪಕ್ಕ ಒಂದು, ಒಂದರ ಪಕ್ಕ ಇನ್ನೊಂದು.

ಹುಪ್ಪನ ಎರಡೂ ಪಕ್ಕಕ್ಕೆ ಬೆಚ್ಚನೆಯ ಮೈ ತಾಗಿತು. ಎಂಥ ವಿಚಿತ್ರ ನೋಡು, ಆ ಗಳಿಗೆಯಲ್ಲಿ ಅವನಿಗೆ ಸುಖವಾಯಿತು. ಮರುಗಳಿಗೆ ಕೊಂಬೆ ಲಟಕ್ಕನೆ ಮುರಿಯಿತು. ಎಲ್ಲರೂ ರೆಕ್ಕೆ ಬಿಚ್ಚಿ ಹಾರಿದರು. ಹಾರುವ ಅಭ್ಯಾಸವೇ ತಪ್ಪಿಹೋಗಿದ್ದ ದೊರೆ ಒಬ್ಬನೇ ನೆಲಕ್ಕೆ ಬಿದ್ದ.

"ನಾನು ಮೊದಲಿಂದಲೂ ನಿಮ್ಮ ಕಡೆಯವನೇ," ಎನ್ನುತ್ತಾ ಕೊಂಕಣ್ಣ ಗುಂಪಿನೊಳಗೆ ಸೇರಿಕೊಂಡ.

ಕಿರೀಟ ಕಿತ್ತುಹಾಕಿ ಎಂದರು ಕೆಲವರು. ಗಿಡುಗನಿಗೇ ಕೊಟ್ಟುಬಿಡಿ ಎಂದರು ಇನ್ನು ಕೆಲವರು.

"ಗಿಡುಗನ ಬಾಯಿಗೆ ಹೋದದ್ದು ಸಾಕು," ಎಂದಳು ದುಂಡವ್ವ. "ನೆಲದ ಮೇಲಿರಲಿ. ತಾನೇ ಕೆದಕಿ ತಿನ್ನಲಿ. ಆ ಕಿರೀಟ ಮಡಚಿಕೊಂಡಿರಲಿ."

ದೊರೆ ಹೋದ ಮೇಲೆ ಎಲ್ಲವೂ ಒಂದೇ ಸಲ ಸರಿಹೋಗಲಿಲ್ಲ. ಅತ್ತಿಮರ ಯಾರದೆಂದು ಜಗಳವಾಯಿತು. ಕಾವಲು ಯಾರ ಕೆಲಸವೆಂದು ಜಗಳವಾಯಿತು. ಜಗಳದ ನಡುವೆ ಗಿಡುಗ ಇನ್ನೂ ಕೆಲವರನ್ನು ಒಯ್ದಿತು. ಕಡೆಗೆ ಹಕ್ಕಿಗಳು ಕಲಿತವು: ಯಾರೋ ಒಬ್ಬರು ನೋಡಿಕೊಳ್ಳುತ್ತಾರೆಂದು ಕೂರಬಾರದು, ಕಂಡವರು ಕೂಗಬೇಕು. ಕಾಜಾಣ ಒಂದು ಬಗೆಯಲ್ಲಿ ಕೂಗಿತು, ಹಕ್ಕಿಯಲ್ಲದ ಅಳಿಲೂ ಇನ್ನೊಂದು ಬಗೆಯಲ್ಲಿ ಕೂಗಿತು, ಹರಟೆಮಲ್ಲಗಳಂತೂ ಬಯಲು ಹಾರಿಹೋಗುವಂತೆ ಕೂಗಿದವು.

ಹುಪ್ಪ ನೆಲ ಕೆದಕಿದ. ಪುಟ್ಟ ಕೊಕ್ಕು ಗಟ್ಟಿ ಮಣ್ಣಿಗೆ ನೊಂದಿತು. ಕೆದಕಿ ಕೆದಕಿ ಅದು ಉದ್ದವಾಯಿತು, ಕುಡುಗೋಲಿನ ಹಾಗೆ ಬಾಗಿತು. ಹುಳ ಸಿಕ್ಕಿತು, ಹೊಟ್ಟೆ ತುಂಬಿತು. ಹಂಚಿಕೊಳ್ಳಲು ಯಾರೂ ಇರಲಿಲ್ಲ.

ಒಮ್ಮೆ ಅವನು ತಲೆ ತಗ್ಗಿಸಿ ಮಣ್ಣು ಕುಕ್ಕುತ್ತಿದ್ದಾಗ ಮೇಲೆ ಗಿಡುಗ ಬಂದಿತ್ತು. ಅವನಿಗೆ ಅದು ಕಾಣಲಿಲ್ಲ. ಬೇಲಿಯಿಂದ ಹರಟೆಮಲ್ಲಗಳ ಕೂಗು ಎದ್ದಿತು. ಹುಪ್ಪ ಪಕ್ಕದ ಕಲ್ಲಿನ ಸಂದಿಗೆ ನುಗ್ಗಿದ. ಗಿಡುಗ ಏನೂ ಸಿಗದೆ ಹಿಂದಿರುಗಿತು.

ಸಂದಿಯಿಂದ ಹೊರಬಂದು ಅವನು ಬೇಲಿಯ ಬಳಿಗೆ ಹೋದ.

"ದುಂಡವ್ವ, ನನಗಾಗಿ ಕೂಗಿದಿರಾ?"

"ಯಾರು ಅಂತ ನೋಡಿಕೊಂಡು ಕೂಗೋದಿಲ್ಲ," ಎಂದಳು ಅವಳು. "ಗಿಡುಗ ಬಂದರೆ ಕೂಗ್ತೀವಿ. ಕೇಳಿಸಿಕೊಂಡವರು ಉಳೀತಾರೆ."

ಹುಪ್ಪ ಒಂದು ಹೆಜ್ಜೆ ಹತ್ತಿರ ಬಂದ. ಮಡಚಿದ ಕಿರೀಟವನ್ನು ಇನ್ನಷ್ಟು ತಗ್ಗಿಸಿ, ಕೊನೆಗೂ ಆ ಮಾತು ಹೇಳಿದ. "ಅವತ್ತು ತಪ್ಪಾಯಿತು ದುಂಡವ್ವ. ಸಂಜೆ ನಿಮ್ಮ ಸಾಲಿನ ತುದಿಯಲ್ಲಿ ಕೂರಲೇ? ಮಾತಾಡೋದಿಲ್ಲ. ಸುಮ್ಮನೆ ಕೂತಿರ್ತೀನಿ."

ದುಂಡವ್ವ ಅವನನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ.

"ನನ್ನ ಮಗು ಕೂರ್ತಿದ್ದದ್ದು ಆ ತುದೀಲೇ," ಎಂದಳು. "ನೀನು ನೆಲದ ಮೇಲೆ ಚೆನ್ನಾಗಿರು ಹುಪ್ಪಣ್ಣ. ಅಲ್ಲಿ ಮಾತ್ರ ಕೂರಬೇಡ."

ಎಷ್ಟೋ ಕಾಲದ ಮೇಲೆ ಅವನ ಹೆಸರು ಇನ್ನೊಬ್ಬರ ಬಾಯಲ್ಲಿ ಬಂದಿತ್ತು. ಅವಳು ಬಳಗ ಸೇರಿಕೊಂಡಳು. ಜಾಲಿಯ ಕೊಂಬೆಯ ಮೇಲೆ ಹಕ್ಕಿಗಳು ಒತ್ತಿ ಕೂತವು, ಒಂದು ಸರಿದರೆ ಎಲ್ಲವೂ ಸರಿದವು.

ಹುಪ್ಪ ಹಳೆಯ ಮರದ ಪೊಟರೆಯೊಂದನ್ನು ಹುಡುಕಿಕೊಂಡ. ಮುಂದೆ ಅದೇ ಅವನ ಮನೆಯಾಯಿತು. ಯಾರೂ ಕರೆಯದಿದ್ದಾಗ ಅವನು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಿದ್ದ, ಮೆಲ್ಲಗೆ, ಮರೆತುಹೋಗದಿರಲೆಂದು. ಬಯಲಿನಲ್ಲಿ ಇಳಿದಾಗಲೆಲ್ಲ ಹಳೆಯ ಅಭ್ಯಾಸಕ್ಕೆ ಕಿರೀಟ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಯಾರಾದರೂ ತನ್ನ ಕಡೆ ನೋಡುತ್ತಿದ್ದಾರೆಯೇ ಎಂದು ಅವನು ಸುತ್ತ ಕಣ್ಣಾಡಿಸುತ್ತಿದ್ದ. ಎಲ್ಲರೂ ಆಕಾಶವನ್ನೇ ನೋಡುತ್ತಿದ್ದರು. ಅವನು ಕಿರೀಟ ಮಡಚಿಕೊಳ್ಳುತ್ತಿದ್ದ.

ನಾಳೆ ಬೆಳಗ್ಗೆ ಆಟದ ಬಯಲಿಗೆ ಹೋದರೆ ನೀನೂ ನೋಡು ಮಗು: ಹರಟೆಮಲ್ಲಗಳು ಗುಂಪಾಗಿ ಕಲಕಲ ಎನ್ನುತ್ತಿರುವಾಗ, ಆ ಚಂದ್ರಮುಕುಟ ಹಕ್ಕಿ ದೂರದಲ್ಲಿ ಬಂದಿಳಿದು, ಕಿರೀಟವನ್ನು ಒಂದು ಗಳಿಗೆ ಬಿಚ್ಚಿ ಮಡಚಿಕೊಂಡು, ಹುಪ್ ಹುಪ್ ಹುಪ್ ಎಂದು ತನ್ನ ಹೆಸರನ್ನು ತಾನೇ ಹೇಳಿ, ಉದ್ದ ಕೊಕ್ಕಿನಿಂದ ನೆಲ ಕುಕ್ಕುತ್ತಾ ಒಂಟಿಯಾಗಿ ನಡೆದುಹೋಗುತ್ತದೆ.