ಶಿಶುವಿಹಾರಕ್ಕೆ ಒಂಟಿ ಚಪ್ಪಲಿ

ಒಂದು ಒಗಟು: ಅವಳಿಗೆ ಎರಡು ಕಾಲಿವೆ, ಎರಡು ಚಪ್ಪಲಿಯೂ ಇವೆ. ಆದರೂ ಒಂದೇ ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ಹೋಗುತ್ತಾಳೆ. ಯಾಕೆ? ಗೊತ್ತಾಗಲಿಲ್ಲ ತಾನೇ? ಕೇಳಿ.

ಹೂ ಮಾರುವ ಚಿಕ್ಕತಾಯಿ ಮೂರು ವರ್ಷದ ಮಗ ತೇಜುವನ್ನು ಶಿಶುವಿಹಾರಕ್ಕೆ ಸೇರಿಸಿದಳು. ಎರಡು ದಿನ ಅವನು ಗೇಟು ಹಿಡಿದು ಬೀದಿಗೆಲ್ಲ ಕೇಳುವಂತೆ ಅತ್ತ.

ಹೆಡ್ ಮೇಡಂ ಕನ್ನಡಕ ಏರಿಸಿದರು. "ನೋಡಮ್ಮ, ನಮ್ಮದು ಶಿಸ್ತಿನ ಸಂಸ್ಥೆ. ಮಗೂನ ಬಿಟ್ಟು ತಾಯಿ ಕದ್ದು ಓಡಬೇಕು, ಅದೇ ಪದ್ಧತಿ. ನಾಳೆಯೂ ಅತ್ತರೆ ಸೀಟು ಬೇರೆಯವರಿಗೆ."

ಮಾರನೆಯ ದಿನ ಚಿಕ್ಕತಾಯಿ ಓಡಲಿಲ್ಲ. ಮಗನ ಎದುರೇ ಕೂತು ಒಂದು ಚಪ್ಪಲಿ ಬಿಚ್ಚಿ ಅವನ ಕೈಗಿಟ್ಟಳು. "ಹೂ ಮಾರ್ಕಂಡು ಬತ್ತೀನಿ ಮಗ. ಇದ ಜೋಪಾನ ಮಾಡು. ಒಂಟಿ ಚಪ್ಲೀಲಿ ನಾನೆಷ್ಟು ದೂರ ಹೋದೇನು?"

ತೇಜುಗೆ ಮಾತು ಸರಿ ಅನ್ನಿಸಿತು. ಚಪ್ಪಲಿ ತಬ್ಬಿಕೊಂಡು ಒಳಗೆ ನಡೆದ.

"ಚಪ್ಪಲಿ ಒಳಗೆ ತರಬಾರದು," ಅಂದರು ಮೇಡಂ.

"ಹಂಗಾದ್ರೆ ನೀವೇ ಇಸ್ಕೊಳಿ ಮೇಡಂ," ಅಂದಳು ಚಿಕ್ಕತಾಯಿ.

ಮೇಡಂ ಕೈ ಚಾಚಿದರು. ತೇಜು ಬಾಯಿ ತೆರೆದ. ಮೇಡಂ ಕೈ ತಣ್ಣಗೆ ಹಿಂದಕ್ಕೆ ಹೋಯಿತು.

ಉಳಿದ ತಾಯಂದಿರೂ ಹಾಗೇ ಮಾಡಿ, ವಾರದೊಳಗೆ ಅಲ್ಲಿ ಹದಿನೇಳು ಒಂಟಿ ಚಪ್ಪಲಿ. ಮೇಡಂ ಬೋರ್ಡು ಬರೆಸಿದರು: 'ಇದು ನಮ್ಮ ಸಂಸ್ಥೆಯ ಪದ್ಧತಿ.'

ಹದಿನೇಳರ ಲೆಕ್ಕವೂ ಬೋರ್ಡೂ ಕತೆಗೆಂದು ನಾನು ಕಟ್ಟಿ ಸೇರಿಸಿದ್ದು. ಆ ಮೊದಲನೇ ಚಪ್ಪಲಿ ಮಾತ್ರ ನಿಜ, ಅದು ಚಿಕ್ಕತಾಯಿಯದೇ.