ಮರ್ಯಾದಸ್ಥನ ಓಟು

“ಟಾಲಿವರ್ ಹಂದಿದೊಡ್ಡಿಯಲ್ಲಿ ಬೆಳೆದವನು. ಮರ್ಯಾದೆ ಕಲಿಯಬೇಕಾದರೆ ನನ್ನಂಥ ದೊಡ್ಡ ಮನೆತನದಲ್ಲಿ ಹುಟ್ಟಬೇಕು.”

ಕರ್ನಲ್ ಹಾರ್ಗ್ರೋವ್ ಮೂರು ವಾರ ಇದೊಂದೇ ಭಾಷಣ ಮಾಡಿದ. ಅಮೆರಿಕ ಆಗಿನ್ನೂ ಹೊಸ ದೇಶ. ವರ್ಜೀನಿಯಾದ ಬೆಟ್ಟಸೀಮೆಯಲ್ಲಿ ಶಾಸನಸಭೆಯ ಚುನಾವಣೆ. ಕರ್ನಲ್ ಗೆದ್ದರೆ ಹೊಳೆಗೆ ಕಟ್ಟಿದ ತನ್ನ ಗಿರಣಿಯ ಒಡ್ಡು ಎತ್ತರಿಸಲು ಅಪ್ಪಣೆ ತರುತ್ತಾನೆ. ಹೊಳೆಯಂಚಿನ ಇಪ್ಪತ್ತು ಮನೆಯವರ ಮೆಕ್ಕೆಜೋಳದ ಹೊಲ ನೀರಿನಡಿ ಹೋಗುತ್ತದೆ. ಅವರ ಪರ ನಿಂತವನು ವಕೀಲ ಜೇಬೆಜ್ ಟಾಲಿವರ್.

ಹಂದಿದೊಡ್ಡಿಯಲ್ಲಿ ಬೆಳೆದದ್ದು ನಿಜವೇ. ಪೇಟೆಯವರು ಅದನ್ನು ಕೊರತೆ ಅಂದುಕೊಳ್ಳುತ್ತಾರೆ. ಹಳ್ಳಿಯಲ್ಲಿ ಬೆಳೆದ ನಮ್ಮಂಥವರಿಗೆ ಗೊತ್ತು, ಹಂದಿಯನ್ನು ಎಳೆದು ದೊಡ್ಡಿಗೆ ಹಾಕಲಾಗದು. ಅದನ್ನೇ ಮುಂದೆ ಬಿಡಬೇಕು.

ಆಗ ಓಟು ಗುಟ್ಟಲ್ಲ. ಕೋರ್ಟಿನ ಅಂಗಳದಲ್ಲಿ ಇಬ್ಬರು ಹುರಿಯಾಳುಗಳೂ ಕೂತಿರುತ್ತಾರೆ. ಬಂದವನು ಚುನಾವಣೆ ನಡೆಸುವ ಶೆರೀಫನೆದುರು ತನಗೆ ಬೇಕಾದವನ ಹೆಸರು ಕೂಗುತ್ತಾನೆ. ಹೆಸರು ಬಂದವನು ಎದ್ದು ನಮಸ್ಕರಿಸುತ್ತಾನೆ. ಕೊನೆಗೆ ಹುರಿಯಾಳುಗಳ ಸರದಿ. ಆಗ ಎದುರಾಳಿಯ ಹೆಸರು ಹೇಳುವುದು ದೊಡ್ಡ ಮನುಷ್ಯರ ರಿವಾಜು. ಸಮ ಬಿದ್ದರೆ ಶೆರೀಫನ ಓಟೇ ತೀರ್ಮಾನ. ಶೆರೀಫ ಕರ್ನಲನ ಭಾವಮೈದುನ.

ಸಂಜೆಗೆ ಒಬ್ಬನಿಗೆ ನಲವತ್ತೊಂದು, ಇನ್ನೊಬ್ಬನಿಗೂ ನಲವತ್ತೊಂದು. ಓಟು ಹೇಳಲು ಉಳಿದವರು ಹುರಿಯಾಳುಗಳಿಬ್ಬರೇ.

ಕರ್ನಲ್ ಭಾವಮೈದುನನ ಮುಖ ನೋಡಿ ನಕ್ಕ. “ಏನಯ್ಯಾ ವಕೀಲ, ಏಳು. ಓಟು ಹೇಳು.”

“ದೊಡ್ಡವರು ಕೂತಿರುವಾಗ ನಾನು ಮುಂದೆ ಹೋಗೋದೇ? ನನಗೆ ಈ ರಿವಾಜೆಲ್ಲ ಹೊಸದು, ಸಾಹೇಬರೇ. ತಾವು ಒಮ್ಮೆ ಮಾಡಿ ತೋರಿಸಿದರೆ ನೋಡಿಕೊಳ್ಳುತ್ತೇನೆ.”

“ಕೇಳಿದಿರಾ? ಇದನ್ನೂ ನಾನೇ ಕಲಿಸಬೇಕು ಇವನಿಗೆ,” ಅಂತ ಕರ್ನಲ್ ಜನರ ಕಡೆ ತಿರುಗಿದ. ಕೋಟು ಸರಿಮಾಡಿಕೊಂಡ, ಟೋಪಿ ತೆಗೆದ, ಗಂಟಲು ಸರಿಪಡಿಸಿಕೊಂಡ. “ಜೇಬೆಜ್ ಟಾಲಿವರ್.”

ಟಾಲಿವರ್ ಎದ್ದು ಬಾಗಿ ನಮಸ್ಕರಿಸಿದ. “ಬಹಳ ಚೆನ್ನಾಗಿತ್ತು.”

ಶೆರೀಫ ಬರೆದುಕೊಂಡ. “ವಕೀಲರೇ, ನಿಮ್ಮ ಓಟು?”

“ಜೇಬೆಜ್ ಟಾಲಿವರ್.”

ಹೇಳಿದವನು ರಿವಾಜು ತಪ್ಪಿಸದೆ ತನಗೆ ತಾನೇ ಇನ್ನೊಮ್ಮೆ ಬಾಗಿ ನಮಸ್ಕರಿಸಿಕೊಂಡ.

ಶೆರೀಫ ಎರಡು ಸಲ ಕೂಡಿದ. ನಲವತ್ತಮೂರು, ನಲವತ್ತೊಂದು. ಅವನ ಓಟಿಗೆ ಕೆಲಸವೇ ಉಳಿಯಲಿಲ್ಲ. ಹೊಳೆಯಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಟೋಪಿ ಹಾಕಿಕೊಂಡರು. ಮನೆಗೆ ಹೋಗಿ ಹೊಲ ನೋಡಬೇಕಿತ್ತು.

ಕರ್ನಲನ ಮುಖ ಕೆಂಪಾಯಿತು. “ಲೋ, ಮರ್ಯಾದೆ ಅನ್ನೋದು ಇದೆಯೇನೋ ನಿನಗೆ?”

“ಇಲ್ಲವೆಂದು ತಾವೇ ಊರೂರು ಸುತ್ತಿ ಹೇಳಿದಿರಿ, ಸಾಹೇಬರೇ,” ಅಂದ ಟಾಲಿವರ್. “ಅದನ್ನು ನಂಬಿ ನಲವತ್ತೊಂದು ಜನ ತಮಗೆ ಓಟು ಹಾಕಿದ್ದಾರೆ. ಇವತ್ತು ನಾನು ಮರ್ಯಾದಸ್ಥನಾಗಿಬಿಟ್ಟಿದ್ದರೆ ಪಾಪ, ಅವರಿಗೆ ಮೋಸವಾಗುತ್ತಿರಲಿಲ್ಲವೇ?”