ಬಟ್ಟೆಯ ನಡುವಿನ ಕಲ್ಲು

ವಾರಿಜಾ ಇಳಿದದ್ದು ತಪ್ಪು ಕುದ್ರಿನಲ್ಲಿ.

ಹೊಳೆಯ ನಡುವೆ ಇಂಥ ನಡುಗಡ್ಡೆಗಳು ಐದಾರಿವೆ. ಎಲ್ಲದರಲ್ಲೂ ಅವೇ ತೆಂಗು, ಅದೇ ಕೆಸರು. ಹನ್ನೊಂದು ದೇಶಗಳಲ್ಲಿ, ಬಾರದ ಭಾಷೆಗಳಲ್ಲಿ ದಾರಿ ಕೇಳಿ ಬದುಕಿದವಳಿಗೆ ತನ್ನ ಗುರುಗಳ ಕುದ್ರು ಯಾವುದೆಂದು ತಿಳಿಯಲಿಲ್ಲ.

ಕೆಸರಿನಲ್ಲಿ ಚಿಪ್ಪು ಹೆಕ್ಕುತ್ತಿದ್ದ ಹೆಂಗಸನ್ನು ಕೇಳಿದಳು.

"ಅಚ್ಯುತಜ್ಜರ ಆಶ್ರಮವಾ? ಅದು ಆಚೆ ಕುದ್ರು ಮಾರಾಯ್ತಿ. ಬಿಳಿ ಬಟ್ಟೆ ಕಟ್ಟಿದ್ದು ಕಾಣ್ತದಲ್ಲ, ಅದೇ."

ಆಕೆಯೇ ತನ್ನ ಪುಟ್ಟ ದೋಣಿಯಲ್ಲಿ ದಾಟಿಸಿದಳು. ಮಳೆ ಜೋರಾದರೆ ತಾನು ಕಾಯುವವಳಲ್ಲ, ಬೇಗ ಮುಗಿಸಿ ಬಾ ಎಂದೂ ಹೇಳಿದಳು.

ಹೆಗಲ ಚೀಲದಲ್ಲಿ ಕಲ್ಲೊಂದಿತ್ತು. ಕಪ್ಪಗೆ, ನುಣ್ಣಗೆ, ಮುಷ್ಟಿಯಷ್ಟು.

ಕುದ್ರಿನ ಬಾವಿ ನೀರು ಉಪ್ಪು. ಮಳೆಗಾಲ ಶುರುವಾದೊಡನೆ ಆಶ್ರಮದಲ್ಲಿ ನಾಲ್ಕು ಗೂಟಕ್ಕೆ ಬಟ್ಟೆಯ ನಾಲ್ಕು ತುದಿ ಕಟ್ಟಿ, ನಡುವೆ ಈ ಕಲ್ಲಿಡುತ್ತಿದ್ದರು. ಕಲ್ಲಿದ್ದಲ್ಲಿಗೆ ನೀರು ಹರಿದು, ಸೋಸಿ, ಕೆಳಗಿನ ಕೊಡಕ್ಕೆ ಇಳಿಯುತ್ತಿತ್ತು. ಆ ನೀರಿಗೆ ನಾಲಗೆ ಒಗ್ಗಿದ ಮೇಲೆ ಅವಳಿಗೆ ಯಾವ ಊರಿನ ಬಾಟಲಿ ನೀರೂ ಬರೀ ಒದ್ದೆ ಅನ್ನಿಸುತ್ತಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ, ಹೊರಟ ದಿನ, ನೆನಪಿಗೆಂದು ಆ ಕಲ್ಲನ್ನೇ ಕೇಳಿದ್ದಳು. ಸಾಲ ಅಂತ ಕೊಡ್ತೇನೆ, ಮುಂದಿನ ಮಳೆಗಾಲಕ್ಕೆ ವಾಪಸ್ ತಾ ಎಂದಿದ್ದರು ಗುರುಗಳು. 'ಮುಂದಿನ ಮಳೆಗಾಲ' ಎಂಬ ಮಾತೂ ಅವಳ ಚೀಲದಲ್ಲೇ ದೇಶ ಸುತ್ತಿತು.

ಈಗ ಅವಳಿಗಿದ್ದ ಹೆದರಿಕೆ ಒಂದೇ. ಅಲ್ಲಿ ಬೇರೆ ಕಲ್ಲು ಬಂದು ಕೂತಿದ್ದರೆ? ಇದೂ, ಇದನ್ನು ತಂದವಳೂ ಬೇಡವಾಗಿದ್ದರೆ?

ದಡ ಮುಟ್ಟುವಾಗ ಮಳೆ ಮತ್ತೆ ಹನಿಯಿತು.

ಬಟ್ಟೆ ಅದೇ ಜಾಗದಲ್ಲಿತ್ತು. ಪಕ್ಕದಲ್ಲಿ ಅಚ್ಯುತಜ್ಜ, ತಲೆಯ ಮೇಲೆ ಮಳೆ ತಡೆಯುವ ಓಲೆಯ ಗೊರಬು ಹೊದ್ದು, ಬಟ್ಟೆಯ ನಡುವೆ ಮುಷ್ಟಿ ಒತ್ತಿ ನಿಂತಿದ್ದರು. ಮುಷ್ಟಿಯ ಅಡಿಯಿಂದ ನೀರು ಕೊಡಕ್ಕೆ ತೊಟ್ಟಿಕ್ಕುತ್ತಿತ್ತು.

"ತಡವಾಯ್ತು ಗುರುಗಳೇ," ಎಂದಳು.

"ಇಲ್ಲ. ಮಳೆಗೆ ಸರಿಯಾಗಿ ಬಂದಿದ್ದೀ."

"ಯಾವಾಗಿನಿಂದ ಹೀಗೆ ಕೈ ಒತ್ತಿ ನಿಲ್ತಿದ್ದೀರಿ?"

"ಕಲ್ಲು ಹೋದಾಗಿನಿಂದ."

"ದೋಣಿಯವರಿಗೆ ಹೇಳಿದ್ದರೆ ಇನ್ನೊಂದು ತರ್ತಿರಲಿಲ್ವಾ?"

"ತಂದಿದ್ದಾರೆ, ಬೇಕಾದಷ್ಟು. ಮೂರು ಒಲೆಗಾಯ್ತು. ಒಂದರ ಮೇಲೆ ಬಟ್ಟೆ ಒಗೀತೇನೆ. ಇನ್ನೊಂದು ಬಾಗಿಲು ಬಡಿಯದ ಹಾಗೆ ಇಟ್ಟಿದ್ದೇನೆ."

"ಇಲ್ಲಿಗೆ ಯಾಕೆ ಹಾಕಲಿಲ್ಲ?"

"ಹಾಕಿದ್ದರೆ ನಿನ್ನದಕ್ಕೆ ಜಾಗ ಎಲ್ಲಿತ್ತು?"

ಅವಳು ಚೀಲಕ್ಕೆ ಕೈ ಹಾಕಿದಳು. ಕಲ್ಲು ತೆಗೆದು ಬಟ್ಟೆಗೆ ಹಾಕಹೊರಟಳು. ಅಜ್ಜ ತಡೆದರು.

"ತೊಳಿ ಮೊದಲು. ಎಷ್ಟು ಊರಿನ ಧೂಳೋ ಏನೋ."

ಮಳೆಗೇ ಒಡ್ಡಿ ತಿಕ್ಕಿ ತೊಳೆದಳು. ಅಜ್ಜ ಕೈ ತೆಗೆದರು. ನೆನೆದು ನೆನೆದು ಅಂಗೈ ಬೆಳ್ಳಗೆ ಸುಕ್ಕುಗಟ್ಟಿತ್ತು. ಆ ಜಾಗದಲ್ಲಿ ಕಲ್ಲಿಟ್ಟಳು. ಬಟ್ಟೆ ಜಗ್ಗಿತು. ನಾಲ್ಕೂ ಕಡೆಯ ನೀರು ದಾರಿ ಕೇಳದೆ ಕಲ್ಲಿನ ಹತ್ತಿರ ಬಂತು.

ಅಜ್ಜ ತೆಂಗಿನ ಗೆರಟೆಯಲ್ಲಿ ಹಿಡಿದು ಕೊಟ್ಟರು. ಕುಡಿದಳು. ಅದೇ ರುಚಿ.

ಹೊಳೆಯ ಕಡೆಯಿಂದ ಚಿಪ್ಪಿನ ಹೆಂಗಸು ಕೂಗಿ ಕರೆದಳು. ಹಳೇ ಅಭ್ಯಾಸ, ವಾರಿಜಾಳ ಕೈ ಚೀಲದ ಪಟ್ಟಿಗೆ ಹೋಯಿತು. ಚೀಲವನ್ನು ಅವಳಿನ್ನೂ ಹೆಗಲಿನಿಂದ ಇಳಿಸಿರಲೇ ಇಲ್ಲ.

"ನನ್ನ ಸಾಲ ತೀರಿತಲ್ಲ ಗುರುಗಳೇ?"

ಅಜ್ಜ ತುಂಬುತ್ತಿದ್ದ ಕೊಡವನ್ನು ನೋಡಿದರು. ಆಮೇಲೆ ಅವಳ ಹೆಗಲನ್ನು.

"ಕಲ್ಲು ಕೂತಿತು. ಇನ್ನು ನೀನೂ ಕೂತ್ಕೊ."